ಕಾಪಾಡಿ ಎಂದು ಕೇಳಿದವರಾರು?

ಸೂಪರ್‌ಮ್ಯಾನ್ ಬಂದು ನಮ್ಮನ್ನು ಕಾಪಾಡುವ ಮೊದಲೇ ನಮ್ಮನ್ನು ಸೂಪರ್‌ಮ್ಯಾನ್‌ನಿಂದ ಕಾಪಾಡಿ ಆಗಿತ್ತು. ಜೇಮ್ಸ್ ಗನ್ ಬರೆದು ನಿರ್ದೇಶಿಸಿದ ಹೊಸ ‘ಸೂಪರ್‌ಮ್ಯಾನ್’ 2025ರ ಜುಲೈ 11ರಂದು ನಮ್ಮ ಚಿತ್ರಮಂದಿರಗಳಿಗೆ ಬರುವಷ್ಟರಲ್ಲಿ ಸೆನ್ಸಾರ್ ಮಂಡಳಿ ಅದರೊಳಗಿನ 33 ಸೆಕೆಂಡುಗಳ ಮುತ್ತಿಗೆ ಕತ್ತರಿ ಹಾಕಿತ್ತು. ನಾಯಕ ನಾಯಕಿ ಗಾಳಿಯಲ್ಲಿ ತೇಲುತ್ತ ಕೊಟ್ಟುಕೊಂಡ ಮುತ್ತು. ಶೃಂಗಾರ ಅತಿಯಾಯಿತಂತೆ. ಅದೇ ಚಿತ್ರದಲ್ಲಿ ದೈತ್ಯಪ್ರಾಣಿಯೊಂದು ಪೇಟೆ ತುಳಿಯುತ್ತದೆ, ನೆಲ ಬಿರಿದು ಮಹಾನಗರ ಎರಡು ಹೋಳಾಗುತ್ತದೆ, ಕಟ್ಟಡಗಳು ಮಗುಚಿಕೊಳ್ಳುತ್ತವೆ. ಅದಕ್ಕೆಲ್ಲ ತಕರಾರಿಲ್ಲ. ಕಟ್ಟಡ ಗಗನಚುಂಬಿಯಾಗಿರಬಹುದು, ಗಗನದಲ್ಲಿ ಚುಂಬನ ಕೂಡದು.

ಮಂಡಳಿಯ ತರ್ಕ ಗಟ್ಟಿಯಾದದ್ದೇ. ಊರು ಬೀಳುವುದನ್ನು ನೋಡಿದ ಹುಡುಗ ಮನೆಗೆ ಹೋಗಿ ಊರು ಬೀಳಿಸಲಾರ. ಮುತ್ತು ನೋಡಿದವನ ಬಗ್ಗೆ ಹಾಗೆ ಖಾತರಿ ಕೊಡಲು ಬರುವುದಿಲ್ಲ. ನೂರ ನಲವತ್ತು ಕೋಟಿ ಜನಸಂಖ್ಯೆಯ ದೇಶದಲ್ಲಿ ಎಚ್ಚರಿಕೆ ಬೇಡವೇ? ಆದರೂ ಟಿಕೆಟ್ ಕೊಂಡವನಿಗೆ ಒಂದು ಸಣ್ಣ ಸಂಶಯ ಉಳಿಯುತ್ತದೆ. ನಮ್ಮನ್ನು ಕಾಪಾಡಿ ಎಂದು ಇವರನ್ನು ಕೇಳಿಕೊಂಡವರು ಯಾರು?

ತಮಾಷೆಯೆಂದರೆ ಚಿತ್ರದ ನಡುಗಂಬವೂ ಇದೇ ಪ್ರಶ್ನೆ. ಕರೆಯದೆ ಬಂದು ಕಾಪಾಡುವವನಿಗೆ ಆ ಅಧಿಕಾರ ಕೊಟ್ಟವರು ಯಾರು? ಇದನ್ನು ಎದುರಿಗೆ ನಿಂತು ಕೇಳಿದ್ದು ಗನ್ ಚಿತ್ರದ ದೊಡ್ಡ ಬಲ. ಕೇಳಿದ ಮೇಲೆ ಉತ್ತರಕ್ಕೆ ಕಾಯದೆ ಹಾರಿಹೋದದ್ದು ದೊಡ್ಡ ದೌರ್ಬಲ್ಯ. ಉಳಿದ ಗುಣದೋಷಗಳೆಲ್ಲ ಈ ಎರಡರ ಮಕ್ಕಳು ಮೊಮ್ಮಕ್ಕಳು.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಕ್ರಿಪ್ಟಾನ್ ಗ್ರಹ ಈ ಸಲ ಸಿಡಿಯುವುದಿಲ್ಲ. 1978ರಲ್ಲಿ ರಿಚರ್ಡ್ ಡಾನರ್ ಅದನ್ನು ಸಿಡಿಸಿದರು, 2013ರಲ್ಲಿ ಝಾಕ್ ಸ್ನೈಡರ್ ಮತ್ತೆ ಸಿಡಿಸಿದರು. ತೊಟ್ಟಿಲಿನಂಥ ರಾಕೆಟ್ಟು, ಹೊಲದಲ್ಲಿ ಸಿಕ್ಕ ಕೂಸು, ಶಾಲೆಯಲ್ಲಿ ಎಲ್ಲರಿಂದ ಬೇರೆಯಾಗಿ ಕೂತ ಹುಡುಗ, ಎಲ್ಲವೂ ನಮಗೆ ಬಾಯಿಪಾಠ. ಗನ್ ಈ ಪುರಾಣವನ್ನು ತೆರೆಯ ಮೇಲಿನ ನಾಲ್ಕಾರು ಸಾಲಿನಲ್ಲಿ ಮುಗಿಸುತ್ತಾರೆ. 300 ವರ್ಷಗಳ ಹಿಂದೆ ಹೀಗಾಯಿತು, 30 ವರ್ಷಗಳ ಹಿಂದೆ ಹೀಗೆ ಎಂದು ಇಳಿಯುತ್ತ 3 ನಿಮಿಷದ ಹಿಂದಕ್ಕೆ ಬಂದು ನಿಲ್ಲುತ್ತಾರೆ. ಮೂರು ನಿಮಿಷದ ಹಿಂದೆ ಸೂಪರ್‌ಮ್ಯಾನ್ ಮೊದಲ ಬಾರಿಗೆ ಸೋತಿದ್ದಾನೆ. ಹಿಮದ ಮೇಲೆ ದೊಪ್ಪನೆ ಬಿದ್ದು, ರಕ್ತ ಕಾರಿ, ನಾಯಿಗಾಗಿ ಸಿಳ್ಳೆ ಹಾಕುತ್ತಾನೆ. ನಾಯಕನ ಪ್ರವೇಶವೆಂದರೆ ಹೀಗೆ. ನಿಧಾನ ಚಲನೆಯಲ್ಲಿ ಬೂಟು, ಬೆಲ್ಟು, ಆಮೇಲೆ ಮುಖ ತೋರಿಸುವ ನಮ್ಮವರು ಈ ದೃಶ್ಯವನ್ನೊಮ್ಮೆ ನೋಡಬೇಕು.

ನಾಯಿಯ ಹೆಸರು ಕ್ರಿಪ್ಟೊ. ಕಾಮಿಕ್ಸ್‌ಗೆ ಅದು ಬಂದದ್ದು 1955ರಲ್ಲಿ. ಇಷ್ಟು ವರ್ಷ ದೊಡ್ಡ ಬಜೆಟ್ಟಿನ ಗಂಭೀರ ಸಿನಿಮಾಗಳು ಅದನ್ನು ಬಾಗಿಲಾಚೆಯೇ ಕಟ್ಟಿಹಾಕಿದ್ದವು, ನಾಯಿಗೂ ಮೇಲುಹೊದಿಕೆ ತೊಡಿಸಿದರೆ ತಮ್ಮ ಗಾಂಭೀರ್ಯ ಬಿದ್ದುಹೋದೀತೆಂದು. ಗನ್ ಬಿಚ್ಚಿಬಿಟ್ಟಿದ್ದಾರೆ. ಅದು ಹೇಳಿದ ಮಾತು ಕೇಳುವುದಿಲ್ಲ. ಮುರಿದ ಮೂಳೆಯ ಯಜಮಾನನ ಮೇಲೆಯೇ ಎಗರಾಡುತ್ತದೆ. ಇಡೀ ಚಿತ್ರದಲ್ಲಿ ಜಗತ್ತನ್ನು ಉದ್ಧರಿಸುವ ಉದ್ದೇಶವಿಲ್ಲದ ಏಕೈಕ ಜೀವ ಇದು. ಹಾಗಾಗಿ ಪ್ರೇಕ್ಷಕ ಪೂರ್ತಿ ನಂಬುವ ಪಾತ್ರವೂ ಇದೊಂದೇ.

ಇನ್ನೊಂದು ಒಳ್ಳೆಯದು, ಅಳಿಲು. ದೈತ್ಯಪ್ರಾಣಿಯ ಜೊತೆ ಗುದ್ದಾಟ ನಡೆಯುತ್ತಿರುವಾಗ ಸೂಪರ್‌ಮ್ಯಾನ್ ಒಂದು ಅಳಿಲನ್ನು ಎತ್ತಿ ಪಕ್ಕಕ್ಕೆ ಬಿಡುತ್ತಾನೆ. 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಅರ್ಧ ಮೆಟ್ರೊಪೊಲಿಸ್ ನಗರವೇ ಪುಡಿಯಾಗಿತ್ತು, ಕೊನೆಗೆ ನಾಯಕ ಖಳನ ಕತ್ತು ಮುರಿದಿದ್ದ. ಅದನ್ನು ವಾಸ್ತವವಾದ ಎಂದು ಹೊಗಳಿದವರಿಗೆ ಈ ಅಳಿಲು ಬಾಲಿಶವಾಗಿ ಕಂಡಿದೆ. ಹಾರುವ ಮನುಷ್ಯನನ್ನು ನಂಬಿದವರು ಅಳಿಲಿಗೆ ದಾರಿಬಿಡುವ ಮನುಷ್ಯನನ್ನು ನಂಬಲಾರದೆ ಒದ್ದಾಡಿದ್ದು ನಮ್ಮ ಕಾಲದ ಬಗ್ಗೆ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ. ಡೇವಿಡ್ ಕೊರೆನ್ಸ್‌ವೆಟ್ ಈ ಒಳ್ಳೆಯತನವನ್ನು ಸ್ವಲ್ಪವೂ ನಾಚಿಕೆಯಿಲ್ಲದೆ ನಟಿಸಿದ್ದಾರೆ. ಚಡ್ಡಿಯನ್ನೂ ಅಷ್ಟೇ ನಾಚಿಕೆಯಿಲ್ಲದೆ ಪ್ಯಾಂಟಿನ ಮೇಲೆ ಧರಿಸಿದ್ದಾರೆ. ಸ್ನೈಡರ್ ಕಿತ್ತುಹಾಕಿದ್ದ ಕೆಂಪು ಚಡ್ಡಿ ಮರಳಿ ಬಂದಿದೆ. ಮಕ್ಕಳು ಹೆದರದಿರಲಿ ಎಂದು ತೊಟ್ಟ ವೇಷ ಎಂಬ ನಟನ ವಾದಕ್ಕೆ ನಿರ್ದೇಶಕರು ಮಣಿದರಂತೆ.

ಈಗ ಆ ಪ್ರಶ್ನೆ ಎದ್ದ ಕೋಣೆಗೆ ಹೋಗೋಣ. ಲೋಯಿಸ್ ಲೇನ್‌ಳ ಮನೆ. ಗುಟ್ಟಾಗಿ ಪ್ರೀತಿಸುತ್ತಿರುವ ಇಬ್ಬರು ವರದಿಗಾರರು. ಕ್ಲಾರ್ಕ್ ಕೆಂಟ್ ಇದುವರೆಗೆ ಸೂಪರ್‌ಮ್ಯಾನ್‌ನ ‘ವಿಶೇಷ ಸಂದರ್ಶನ’ಗಳನ್ನು ತನ್ನ ಪತ್ರಿಕೆಗೆ ಬರೆದುಕೊಂಡು ಬಂದವನು. ಎಂದರೆ ತನ್ನನ್ನು ತಾನೇ ಪ್ರಶ್ನಿಸಿ, ತಾನೇ ಉತ್ತರಿಸಿ, ತಾನೇ ಮುಖಪುಟದಲ್ಲಿ ಛಾಪಿಸಿಕೊಂಡವನು. ಪತ್ರಿಕೋದ್ಯಮದ ಈ ಶಾಖೆ ನಮ್ಮಲ್ಲಿ ಚೆನ್ನಾಗಿ ಬೆಳೆದಿರುವುದರಿಂದ ವಿವರಿಸಬೇಕಿಲ್ಲ. ನನಗೂ ಒಂದು ಸಂದರ್ಶನ ಕೊಡು, ನಿಜವಾದದ್ದು ಎನ್ನುತ್ತಾಳೆ ಲೋಯಿಸ್. ರೆಕಾರ್ಡರ್ ಚಾಲೂ ಆಗುತ್ತದೆ. ಬೊರಾವಿಯಾ ಎಂಬ ದೇಶ ಪಕ್ಕದ ಬಡ ಜರ್ಹಾನ್‌ಪುರದ ಮೇಲೆ ದಂಡೆತ್ತಿ ಹೋದಾಗ ನೀನು ತಡೆದೆ. ಯಾರನ್ನು ಕೇಳಿದೆ? ಸರ್ಕಾರಕ್ಕೆ ತಿಳಿಸಿದೆಯಾ? ಇನ್ನೊಂದು ದೇಶದ ಅಧ್ಯಕ್ಷನನ್ನು ಮರುಭೂಮಿಗೆ ಹೊತ್ತೊಯ್ದು ಪಾಪಸುಕಳ್ಳಿಗೆ ಒತ್ತಿಹಿಡಿದು ಬೆದರಿಸಿದ್ದು ಯಾವ ಕಾನೂನಿನಲ್ಲಿ? ಮೊದಲು ನಗುತ್ತಿದ್ದ ಕ್ಲಾರ್ಕ್ ಬರುಬರುತ್ತ ಬೆವರುತ್ತಾನೆ, ಆಮೇಲೆ ಸಿಡಿಯುತ್ತಾನೆ. ಜನ ಸಾಯುತ್ತಿದ್ದರು ಎಂಬುದೊಂದೇ ಅವನ ಉತ್ತರ.

ಇಬ್ಬರೂ ಸರಿ, ಇಬ್ಬರೂ ಅರ್ಧ ಸರಿ. ಒಂದು ಗುದ್ದಿಲ್ಲ, ಒಂದು ಕಟ್ಟಡ ಬೀಳುವುದಿಲ್ಲ. ಆದರೂ ಎರಡು ಗಂಟೆ ಒಂಬತ್ತು ನಿಮಿಷದ ಈ ಸಿನಿಮಾದಲ್ಲಿ ಪ್ರೇಕ್ಷಕ ಉಸಿರು ಬಿಗಿಹಿಡಿಯುವುದು ಇಲ್ಲಿಯೇ. ರೇಚಲ್ ಬ್ರಾಸ್ನಹನ್ ಒಂದೊಂದು ಪ್ರಶ್ನೆಯನ್ನೂ ಪ್ರೀತಿಯಿಂದಲೇ ಚುಚ್ಚುತ್ತಾರೆ. ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಮಾತ್ರ ತಾಗುತ್ತದೆ ಎಂದು 80 ವರ್ಷಗಳಿಂದ ನಂಬಿದ್ದೆವು, ಒಳ್ಳೆಯ ವರದಿಗಾರ್ತಿಯೂ ತಾಗುತ್ತಾಳೆ ಎಂದು ಈಗ ಗೊತ್ತಾಯಿತು.

ಈ ದೃಶ್ಯದ ಸುದ್ದಿ ಹಬ್ಬಿದ್ದೇ ತಡ, ಸೂಪರ್‌ಮ್ಯಾನ್‌ನನ್ನು ರಾಜಕೀಯದಿಂದ ಕಾಪಾಡಲು ಅಮೆರಿಕದಲ್ಲಿ ಒಂದು ದಂಡು ಎದ್ದಿತು. ಇದು ವಲಸಿಗನ ಕಥೆ ಎಂದು ನಿರ್ದೇಶಕರು ಸಂದರ್ಶನದಲ್ಲಿ ಅಂದಿದ್ದು ಆ ದಂಡಿಗೆ ಸಾಕಾಯಿತು. ಬೇರೆ ಗ್ರಹದಿಂದ ಕಾಗದಪತ್ರವಿಲ್ಲದೆ ಬಂದಿಳಿದು, ಹೆಸರು ಬದಲಿಸಿ, ಕೆಲಸ ಹಿಡಿದವನನ್ನು ವಲಸಿಗ ಎನ್ನಬಾರದಂತೆ. ಅವರಿಗೆ ನೆನಪಿರದ ಸಂಗತಿಯೊಂದಿದೆ. 1938ರಲ್ಲಿ ಈ ಪಾತ್ರವನ್ನು ಹುಟ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. ಅವರ ಮೊದಲ ಕಥೆಯಲ್ಲೇ ಸೂಪರ್‌ಮ್ಯಾನ್ ಹೆಂಡತಿಗೆ ಹೊಡೆಯುವ ಗಂಡನನ್ನು ಎತ್ತಿ ಎಸೆಯುತ್ತಾನೆ, ಸೆನೆಟರನ್ನು ಕೊಂಡುಕೊಂಡ ದಲ್ಲಾಳಿಯ ಬೆನ್ನುಹತ್ತುತ್ತಾನೆ. ಎರಡನೆಯ ಸಂಚಿಕೆಯಲ್ಲಿ ಮದ್ದುಗುಂಡಿನ ವ್ಯಾಪಾರಿಯ ಲಾಭಕ್ಕಾಗಿ ನಡೆಯುತ್ತಿರುವ ಯುದ್ಧಕ್ಕೇ ನುಗ್ಗಿ, ಎರಡೂ ಕಡೆಯ ಸೇನಾಧಿಪತಿಗಳನ್ನು ಹಿಡಿದು ತಂದು, ಯಾಕಾಗಿ ಬಡಿದಾಡುತ್ತಿದ್ದೀರಿ ಎಂದು ಕೇಳುತ್ತಾನೆ. ಇಬ್ಬರಿಗೂ ಗೊತ್ತಿರುವುದಿಲ್ಲ. ಗನ್ ಸೂಪರ್‌ಮ್ಯಾನ್‌ನನ್ನು ರಾಜಕೀಯಕ್ಕೆ ಎಳೆದಿಲ್ಲ. ರಾಜಕೀಯದಿಂದ ನಿವೃತ್ತಿ ಕೊಡಿಸಿದ್ದವನನ್ನು ಕೆಲಸಕ್ಕೆ ಮರಳಿ ಕರೆದಿದ್ದಾರೆ, ಅದೂ ಅರೆಕಾಲಿಕವಾಗಿ.

ಅರೆಕಾಲಿಕ ಎಂದದ್ದಕ್ಕೆ ಕಾರಣವಿದೆ. ಲೋಯಿಸ್ ಕೇಳಿದ ಪ್ರಶ್ನೆ ಆ ಕೋಣೆಯಿಂದ ಹೊರಗೆ ಕಾಲಿಡುವುದೇ ಇಲ್ಲ. ಯುದ್ಧ, ಗಡಿ, ಆಕ್ರಮಣ ಎಂಬ ದೊಡ್ಡ ಮಾತುಗಳಿಗೆಲ್ಲ ಚಿತ್ರ ಕೊನೆಗೆ ಕೊಡುವ ವಿವರಣೆ, ಇದೆಲ್ಲ ಒಬ್ಬ ಬೋಳುತಲೆಯವನ ಸಂಚು. ಲೆಕ್ಸ್ ಲೂಥರ್ ಅರ್ಧ ಜರ್ಹಾನ್‌ಪುರವನ್ನು ತನ್ನದಾಗಿಸಿಕೊಳ್ಳಲು ಬೊರಾವಿಯಾವನ್ನು ಛೂಬಿಟ್ಟಿದ್ದ. ಅವನು ಜೈಲಿಗೆ ಹೋದ, ಭೂರಾಜಕೀಯ ಮುಗಿಯಿತು, ದೀಪ ಹಾಕಿ. ಇಷ್ಟು ಸುಲಭವಿದ್ದರೆ ವಿಶ್ವಸಂಸ್ಥೆ ಇಷ್ಟು ವರ್ಷ ನಡೆಸಿದ ಸಭೆಗಳೆಲ್ಲ ದಂಡ, ಒಬ್ಬ ಕ್ಷೌರಿಕನನ್ನು ಕೇಳಿದ್ದರೂ ಶಂಕಿತರ ಪಟ್ಟಿ ಸಿಗುತ್ತಿತ್ತು.

ಜರ್ಹಾನ್‌ಪುರದವರ ಪಾಡು ಇನ್ನೂ ಚೆನ್ನ. ದೇಶವಿದೆ, ಗಡಿಯಿದೆ, ದೊಣ್ಣೆ ಹಿಡಿದು ಟ್ಯಾಂಕಿನೆದುರು ನಿಂತ ಜನರಿದ್ದಾರೆ. ಮಾತು ಮಾತ್ರ ಇಲ್ಲ. ಅವರಿಗೆ ಚಿತ್ರ ಕೊಟ್ಟಿರುವ ಕೆಲಸ ಎರಡೇ: ಸೂಪರ್‌ಮ್ಯಾನ್‌ನ ಚಿಹ್ನೆಯ ಬಾವುಟ ಎತ್ತುವುದು, ಅವನ ಹೆಸರು ಕೂಗುವುದು. ಕಾಪಾಡಬೇಕಾದವರನ್ನು ಒಂದು ಮಾತೂ ಕೇಳದೆ ಕಾಪಾಡುವುದು ಸರಿಯೇ ಎಂದು ಚರ್ಚಿಸಿದ ಸಿನಿಮಾ, ಅವರನ್ನು ಒಂದು ಮಾತೂ ಆಡಿಸದೆ ಕಾಪಾಡುತ್ತದೆ.

ಅದೂ ಸೂಪರ್‌ಮ್ಯಾನ್ ಕೈಯಿಂದಲ್ಲ. ಅವನು ಮೆಟ್ರೊಪೊಲಿಸ್‌ನಲ್ಲಿ ಬಿಡುವಿಲ್ಲದಿರುವಾಗ ಯುದ್ಧಭೂಮಿಗೆ ಹೋಗುವುದು ‘ಜಸ್ಟಿಸ್ ಗ್ಯಾಂಗ್’ ಎಂಬ, ಶ್ರೀಮಂತನೊಬ್ಬ ಸಾಕಿದ ತಂಡ. ಅದರಲ್ಲಿನ ಹಾಕ್‌ಗರ್ಲ್ ಬೊರಾವಿಯಾದ ಅಧ್ಯಕ್ಷನನ್ನು ಆಕಾಶಕ್ಕೆ ಎತ್ತಿ ಕೈಬಿಡುತ್ತಾಳೆ. ಅವನು ಸಾಯುತ್ತಾನೆ, ಚಿತ್ರಮಂದಿರ ನಗುತ್ತದೆ, ಸೂಪರ್‌ಮ್ಯಾನ್‌ನ ಕೈಗೆ ರಕ್ತ ಅಂಟುವುದಿಲ್ಲ. ದಯೆ ನಮ್ಮ ಕಂಪನಿಯದು, ಕೊಲೆ ಹೊರಗುತ್ತಿಗೆಗೆ. ಬೆಂಗಳೂರಿನವರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಿಲ್ಲ.

ಲೂಥರ್ ಪಾತ್ರದಲ್ಲಿ ನಿಕೊಲಸ್ ಹೋಲ್ಟ್ ಮಾತ್ರ ಅದ್ಭುತ. ಹಣ, ಬುದ್ಧಿ, ಪ್ರಯೋಗಾಲಯ, ಸರ್ಕಾರದ ಕಿವಿ, ಎಲ್ಲವೂ ಇರುವ ಮನುಷ್ಯನೊಬ್ಬ ಬರಿಯ ಹೊಟ್ಟೆಕಿಚ್ಚಿನಿಂದ ಒಣಗುವುದನ್ನು ಅವರು ಕಣ್ಣಲ್ಲೇ ತೋರಿಸುತ್ತಾರೆ. ಅವನ ಪಡೆಯಲ್ಲಿ ಕೋತಿಗಳಿವೆ. ಸಾಲಾಗಿ ಕಂಪ್ಯೂಟರ್ ಮುಂದೆ ಕೂತು ಜಾಲತಾಣಗಳಲ್ಲಿ ಸೂಪರ್‌ಮ್ಯಾನ್ ವಿರುದ್ಧ ಕುಟ್ಟುವುದೇ ಅವುಗಳ ಉದ್ಯೋಗ. ಇದನ್ನು ಅತಿರೇಕದ ಕಲ್ಪನೆ ಎಂದವರೂ ಇದ್ದಾರೆ. ನಮ್ಮ ಪಕ್ಷಗಳ ಐಟಿ ಘಟಕಗಳು ಆಕ್ಷೇಪಿಸಬೇಕಾದದ್ದು ಬೇರೆಯೇ. ಕೋತಿಗಳ ಕೂಲಿಯ ವಿಚಾರದಲ್ಲಿ ಚಿತ್ರ ಮೌನವಾಗಿದೆ. ಇನ್ನು ಆ ದೃಶ್ಯದಿಂದ ನೊಂದ ಅಭಿಮಾನಿಗಳು, ನಾವು ಕೋತಿಗಳಲ್ಲ ಎಂದು ಸಾಬೀತುಪಡಿಸಲು ಕೂಡಲೇ ಕಂಪ್ಯೂಟರ್ ಮುಂದೆ ಕೂತು ಕುಟ್ಟಿದರು. ಹಿಂದೆ ಸೂಪರ್‌ಮ್ಯಾನ್ ಆಗಿದ್ದ ಕ್ರಿಸ್ಟೊಫರ್ ರೀವ್ ಪಂಗಡ, ಆಮೇಲೆ ಬಂದ ಹೆನ್ರಿ ಕ್ಯಾವಿಲ್ ಪಂಗಡ, ಈಗ ಕೊರೆನ್ಸ್‌ವೆಟ್ ಪಂಗಡ. ಒಬ್ಬನೇ ದೇವರಿಗೆ ಮೂರು ಮಠ, ಮೂವರೂ ದೇವರನ್ನು ಉಳಿದಿಬ್ಬರಿಂದ ಕಾಪಾಡುವವರೇ.

ಲೂಥರ್ ಹೊರಗೆಡಹುವ ಒಂದು ಗುಟ್ಟು ಚಿತ್ರದ ಅತ್ಯಂತ ದಿಟ್ಟ ಕಲ್ಪನೆ. ಕ್ರಿಪ್ಟಾನ್‌ನ ಹೆತ್ತವರು ಮಗನಿಗೆ ಕಳಿಸಿದ ಸಂದೇಶದ ಅರ್ಧ ಮಾತ್ರ ಉಳಿದಿತ್ತು, ಭೂಮಿಯವರ ಸೇವೆ ಮಾಡು ಎಂಬರ್ಥದ ಅರ್ಧ. ಹಾಳಾಗಿದ್ದ ಇನ್ನರ್ಧ ಸಿಕ್ಕಾಗ ತಿಳಿಯುವುದು ಬೇರೆ. ಅಲ್ಲಿಯ ಜನ ದುರ್ಬಲರು, ಅವರನ್ನು ಆಳು, ಬಹಳ ಹೆಂಡಿರನ್ನು ಮಾಡಿಕೊಂಡು ನಮ್ಮ ಕುಲ ಬೆಳೆಸು ಎಂದಿದ್ದರಂತೆ ಆ ಪುಣ್ಯಾತ್ಮರು. ಇದು ಸುಳ್ಳಾಗಿರಲಿ ಎಂದು ಅಭಿಮಾನಿಗಳು ಕೊನೆಯವರೆಗೂ ಹಾರೈಸಿದರು. ಸುಳ್ಳಲ್ಲ. ವಂಶದ ಹಿರಿಮೆಯನ್ನು ಕೊಂಡಾಡುವ ಸಾವಿರ ಸಿನಿಮಾಗಳ ನಡುವೆ, ನಿನ್ನ ವಂಶ ಕೊಳಕಾಗಿದ್ದರೂ ನೀನು ಒಳ್ಳೆಯವನಾಗಬಹುದು ಎನ್ನುವ ಸಿನಿಮಾ ಇದು. ಕ್ಯಾನ್ಸಸ್‌ನ ರೈತ ದಂಪತಿ ಇಲ್ಲಿ ಸಂತರಲ್ಲ, ಫೋನಿನಲ್ಲಿ ಕಿರುಚಿ ಮಾತಾಡುವ ಹಳ್ಳಿಯ ಅಪ್ಪ ಅಮ್ಮ. ಸಾಕಿದ ಅಪ್ಪ ಹೊಲದಂಚಿನಲ್ಲಿ ಕೂತು, ಮಕ್ಕಳು ಏನಾಗಬೇಕೆಂದು ತೀರ್ಮಾನಿಸುವುದು ಹೆತ್ತವರ ಕೆಲಸವಲ್ಲ, ನಿನ್ನ ಆಯ್ಕೆಯೇ ನೀನು ಎಂಬರ್ಥದ ಮಾತು ಹೇಳುತ್ತಾನೆ. ಪಿಯುಸಿ ಫಲಿತಾಂಶದ ದಿನ ಈ ದೃಶ್ಯವನ್ನು ಎಲ್ಲ ವಾಹಿನಿಗಳಲ್ಲಿ ಕಡ್ಡಾಯವಾಗಿ ತೋರಿಸಬೇಕು.

ಹೀಗೆ ಬಂಗಾರದಂಥ ವಸ್ತು ಕೈಯಲ್ಲಿದ್ದರೂ ಚಿತ್ರ ಅದರ ಬಳಿ ಎರಡು ನಿಮಿಷ ನಿಲ್ಲುವುದಿಲ್ಲ. ಮಾಲಿಕ್ ಅಲಿ ಎಂಬ ಫಲಾಫೆಲ್ ಮಾರುವವನಿದ್ದಾನೆ. ಬಿದ್ದ ಸೂಪರ್‌ಮ್ಯಾನ್‌ನನ್ನು ಹಿಡಿದೆಬ್ಬಿಸಿದ್ದೇ ಅವನ ಅಪರಾಧ. ಲೂಥರ್ ಅವನನ್ನು ಸೂಪರ್‌ಮ್ಯಾನ್‌ನ ಕಣ್ಣೆದುರೇ ಕೊಲ್ಲುತ್ತಾನೆ. ಬೀದಿಬದಿಯ ಮನುಷ್ಯನೊಬ್ಬ ಸಾಯುವಾಗಲೂ ನಂಬಿಕೆ ಬಿಡದ ಆ ಗಳಿಗೆ ಇಡೀ ಚಿತ್ರದ ತಿರುವಾಗಬೇಕಿತ್ತು. ಆಗುವಷ್ಟರಲ್ಲಿ ಮೈಯನ್ನು ಬೇಕಾದ ಧಾತುವಾಗಿ ಬದಲಿಸಿಕೊಳ್ಳುವ ಮೆಟಮಾರ್ಫೊ ಬರುತ್ತಾನೆ, ಅವನ ಕೂಸು ಬರುತ್ತದೆ, ಪ್ರತಿಕಣಗಳ ಹೊಳೆ ಹರಿಯುತ್ತದೆ. ಇದು ಎಲೆಯಲ್ಲಿ ಅನ್ನ ಕಲಸುವ ಮೊದಲೇ ಪಾಯಸ, ಪಾಯಸಕ್ಕೆ ಕೈಹಾಕುವ ಮೊದಲೇ ಮಜ್ಜಿಗೆ ಸುರಿದು ಮುಂದಿನ ಪಂಕ್ತಿಗೆ ಎಬ್ಬಿಸುವ ಮದುವೆಮನೆಯ ಊಟ.

ಮುಂದಿನ ಪಂಕ್ತಿ ಕಾಯುತ್ತಿದೆ ಎಂಬುದೂ ನಿಜವೇ. ಹಸಿರುಂಗುರದ ಗೈ ಗಾರ್ಡ್ನರ್, ಹಾಕ್‌ಗರ್ಲ್, ಮಿಸ್ಟರ್ ಟೆರಿಫಿಕ್, ಒಂದು ಕ್ಷಣ ಮುಖ ತೋರಿಸುವ ಪೀಸ್‌ಮೇಕರ್, ಕೊನೆಗೆ ಕುಡಿದು ತೂರಾಡುತ್ತ ಬಂದು ನಾಯಿ ಕರೆದೊಯ್ಯುವ ಸೂಪರ್‌ಗರ್ಲ್. ಪೀಸ್‌ಮೇಕರ್ ಅದೇ ವರ್ಷದ ಆಗಸ್ಟಿನಲ್ಲೇ ತನ್ನ ಧಾರಾವಾಹಿಗೆ ಹೋದ. ಸೂಪರ್‌ಗರ್ಲ್‌ಗೆ 2026ರ ಜೂನ್ ಗೊತ್ತುಮಾಡಿದರು. ಇವರೆಲ್ಲ ಕಥೆಗೆ ಬಂದವರಲ್ಲ, ಸಂದರ್ಶನಕ್ಕೆ ಬಂದ ಉದ್ಯೋಗಾರ್ಥಿಗಳು. ಅವರಲ್ಲಿ ಎಡಿ ಗಥೇಗಿಯ ಮಿಸ್ಟರ್ ಟೆರಿಫಿಕ್‌ಗೆ ಮಾತ್ರ ಈಗಲೇ ನೇಮಕಾತಿ ಪತ್ರ ಕೊಡಬಹುದು. ಕಡಲತೀರದಲ್ಲಿ ತನ್ನ ಹಾರುವ ಗೋಲಗಳಿಂದ ಒಂದು ಪಡೆಯನ್ನೇ ಉರುಳಿಸಿ ಕೂದಲೂ ಕೊಂಕದೆ ನಿಲ್ಲುವ ಅವನ ದೃಶ್ಯ ಬಾಕಿ ಎಲ್ಲ ಹೊಡೆದಾಟಗಳಿಗಿಂತ ಅಚ್ಚುಕಟ್ಟು. ಸೂಪರ್‌ಮ್ಯಾನ್ ತನ್ನದೇ ಸಿನಿಮಾದಲ್ಲಿ ಎಷ್ಟು ಹೊತ್ತು ಅತಿಥಿಯಾಗಿ ಕೂತಿರುತ್ತಾನೆಂದರೆ, ಅವನ ಕೈಗೂ ಒಂದು ತಾಂಬೂಲ ಕೊಟ್ಟು ಕಳಿಸಬಹುದಿತ್ತು.

ಹಾಗಾದರೆ ಇಷ್ಟು ತುರುಕಬೇಡಿ ಎಂದು ನಿರ್ದೇಶಕರಿಗೆ ಯಾರೂ ಹೇಳಲಿಲ್ಲವೇ? ಹೇಳಬೇಕಾದವರು ಸ್ಟುಡಿಯೊದ ಮುಖ್ಯಸ್ಥರು. 2022ರ ನವೆಂಬರಿನಿಂದ ಡಿಸಿ ಸ್ಟುಡಿಯೋಸ್‌ನ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ಇದೇ ಜೇಮ್ಸ್ ಗನ್. ಬರೆದವರು ಗನ್, ನಿರ್ದೇಶಿಸಿದವರು ಗನ್, ಒಪ್ಪಿಗೆಯ ರುಜು ಹಾಕುವ ಕುರ್ಚಿಯಲ್ಲೂ ಗನ್. ಕ್ಲಾರ್ಕ್ ತನ್ನನ್ನು ತಾನೇ ಸಂದರ್ಶಿಸಿಕೊಂಡದ್ದನ್ನು ಲೇವಡಿ ಮಾಡಿದ ಚಿತ್ರ ತಯಾರಾದದ್ದೇ ಹೀಗೆ. ಸ್ಟುಡಿಯೊದಲ್ಲಿ ರೆಕಾರ್ಡರ್ ಹಿಡಿದ ಲೋಯಿಸ್ ಒಬ್ಬಳಿದ್ದಿದ್ದರೆ ಪಾತ್ರಗಳ ಪಟ್ಟಿ ಅರ್ಧಕ್ಕಿಳಿದು ಮಾಲಿಕ್ ಅಲಿಗೆ ಇನ್ನೊಂದು ದೃಶ್ಯ ಸಿಗುತ್ತಿತ್ತು.

ಈ ಚಿತ್ರ ಹೊರತಂದ ವಾರ್ನರ್ ಕಂಪನಿ ತನ್ನನ್ನೇ ಖಳನನ್ನಾಗಿಸಿ ಸಿನಿಮಾ ಮಾಡಿದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂಬ ಧರ್ಮಸಂಕಟವೂ ಇದೆ. ಸೀಗಲ್ ಮತ್ತು ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಆಮೇಲೆ ದಶಕಗಳ ಕಾಲ ಕೋರ್ಟು ಅಲೆದರು. ದೊಡ್ಡ ಸಿನಿಮಾ ತಯಾರಾಗುತ್ತಿದ್ದ 1975ರಲ್ಲಿ, ಪತ್ರಿಕೆಗಳಲ್ಲಿ ಗುಲ್ಲೆದ್ದ ಮೇಲೆ, ವಾರ್ನರ್ ಕಂಪನಿ ಇಬ್ಬರಿಗೂ ವರ್ಷಕ್ಕೆ 20 ಸಾವಿರ ಡಾಲರ್ ಪಿಂಚಣಿ ಕೊಟ್ಟು ಹೆಸರು ಹಾಕಲು ಒಪ್ಪಿತು. ಮುಗ್ಧರ ಆಸ್ತಿಗೆ ಕಣ್ಣುಹಾಕುವ ಕೋಟ್ಯಧಿಪತಿ ಎಷ್ಟು ಕೆಟ್ಟವನು ಎಂಬ ಕಥೆಯನ್ನು ಇವರಿಗಿಂತ ಅನುಭವದಿಂದ ಹೇಳಬಲ್ಲವರು ಬೇರೆ ಯಾರೂ ಇಲ್ಲ.

ಕಾಪಾಡುವವರ ಮಾತೆತ್ತಿದಾಗ ನಮ್ಮೂರಿನವರನ್ನು ಬಿಡುವುದು ಅನ್ಯಾಯ. ಭಾರತದಲ್ಲಿ ಈ ಸೂಪರ್‌ಮ್ಯಾನ್ ಇಂಗ್ಲಿಷಿನ ಜೊತೆ ಹಿಂದಿ, ತಮಿಳು, ತೆಲುಗು ಮಾತಾಡಿದ. ಕನ್ನಡ ಅವನಿಗೆ ಬರಲಿಲ್ಲ. ಡಬ್ಬಿಂಗ್ ಎಂಬ ರಾಕ್ಷಸನಿಂದ ಕನ್ನಡವನ್ನು ಕಾಪಾಡಲು ನಮ್ಮ ಚಿತ್ರೋದ್ಯಮ ದಶಕಗಳ ಕಾಲ ಕಾವಲು ನಿಂತಿತ್ತು. ಹಾಗೆ ತಡೆಯುವಂತಿಲ್ಲ ಎಂದು ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕಿತು. ಬಾಗಿಲು ಕಾನೂನಿನಲ್ಲಿ ತೆರೆದಿದೆ, ಅಭ್ಯಾಸದಲ್ಲಿ ಇನ್ನೂ ಓರೆಯಾಗಿದೆ. ನಮ್ಮ ‘ಕೆಜಿಎಫ್’, ‘ಕಾಂತಾರ’ಗಳು ಊರೂರ ಭಾಷೆಗೆ ಡಬ್ ಆಗಿ ಗೆದ್ದು ಬಂದಾಗ ಹೆಮ್ಮೆಪಟ್ಟೆವು. ಹಾವೇರಿಯ ಹತ್ತು ವರ್ಷದ ಹುಡುಗಿಗೆ ಮಾತ್ರ ಒಳ್ಳೆಯತನದ ಪಾಠ ತೆಲುಗಿನಲ್ಲೋ ಹಿಂದಿಯಲ್ಲೋ ಆಗಬೇಕು. ಕನ್ನಡ ಉಳಿಯಿತಲ್ಲ, ಅಷ್ಟು ಸಾಕು. ಕೇಳುವವರು ಉಳಿದರೋ ಇಲ್ಲವೋ ಎಂಬುದು ಬೇರೆ ಇಲಾಖೆಯ ವಿಷಯ.

ಇಷ್ಟೆಲ್ಲ ಬೈದ ಮೇಲೂ ಈ ಸಿನಿಮಾ ನೋಡಬೇಡಿ ಎನ್ನಲು ಬಾಯಿ ಬರುವುದಿಲ್ಲ. ದಪ್ಪ ತೋಳಿನವರೆಲ್ಲ ಕೋಪವನ್ನೇ ಗುಣವೆಂದು ಮಾರುತ್ತಿರುವ ಕಾಲದಲ್ಲಿ, ದಪ್ಪ ತೋಳಿನವನೊಬ್ಬ ನನಗೂ ಹೆದರಿಕೆಯಾಗುತ್ತದೆ, ನಾನೂ ತಪ್ಪುತ್ತೇನೆ, ಆ ಮನುಷ್ಯತನವೇ ನನ್ನ ಬಲ ಎಂದು ಖಳನ ಮುಖಕ್ಕೆ ಹೇಳುತ್ತಾನೆ. ಕೊನೆಯಲ್ಲಿ ಗಾಯ ಮಾಯುವಾಗ ಅವನು ನೋಡುವುದು ಕ್ರಿಪ್ಟಾನ್‌ನ ರಾಜಠೀವಿಯ ಸಂದೇಶವನ್ನಲ್ಲ, ಸಾಕಿದ ಅಪ್ಪ ಅಮ್ಮನ ಜೊತೆಗಿನ ಹಳೆಯ ವಿಡಿಯೊಗಳನ್ನು. ಇಂಥ ಕಡೆ ಗನ್ ನಿಜಕ್ಕೂ ಹಾರುತ್ತಾರೆ. ಮಿಕ್ಕ ಕಡೆ ಹಾರುವವರನ್ನು ಎಣಿಸುತ್ತಾರೆ.

ತೀರ್ಪು ಇಷ್ಟು: ಒಳ್ಳೆಯತನಕ್ಕೆ ಪೂರ್ಣ ಅಂಕ, ನಟನೆಗೆ ಪೂರ್ಣ ಅಂಕ, ನಾಯಿಗೆ ಕೃಪಾಂಕ ಬೇಕಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರೆಯದೆ ಹೆಚ್ಚುವರಿ ಹಾಳೆ ತುಂಬಿಸಿದ್ದಕ್ಕೆ ಅರ್ಧ ಅಂಕ ಕಡಿತ. ಮಕ್ಕಳನ್ನು ಕರೆದುಕೊಂಡು ನೋಡಿ. ನೋಡಿದ ಮೇಲೆ ಲೋಯಿಸ್‌ಳ ಪ್ರಶ್ನೆಯನ್ನು ಅವರಿಗೆ ಕಲಿಸಿ. ನಿಮ್ಮನ್ನು ಕಾಪಾಡಲು ಬಂದಿದ್ದೇನೆ ಎಂದು ಮುಂದಿನ ಚುನಾವಣೆಯಲ್ಲಿ ಯಾರಾದರೂ ಬಾಗಿಲು ತಟ್ಟಿದಾಗ ಅದು ಉಪಯೋಗಕ್ಕೆ ಬರುತ್ತದೆ.